ಒಡೆದ ಹಂಚನ್ನು ಎಲ್ಲಿಡುವುದು

ಮೊನ್ನೆ ನಮ್ಮ ಖಾನಾಪುರದ ಮನೆಯ ಹಿಂದಿನ ಪಡಸಾಲೆಗೆ ಹಂಚು ಬದಲಿಸಲು ಬಂದ ಗೌಂಡಿ ಪರಶುರಾಮ, ಮೇಲೆ ಹತ್ತಿ ಹತ್ತು ನಿಮಿಷವಾಗಿರಲಿಲ್ಲ, ಒಂದು ಹಂಚನ್ನು ತನ್ನ ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಏಣಿ ಇಳಿದು ಬಂದ. ಹಳೆಯ ಹಂಚನ್ನು ಗೌಂಡಿಗಳು ಹೇಗೆ ಕೆಳಗೆ ಹಾಕುತ್ತಾರೆಂದು ನಿಮಗೆ ಗೊತ್ತೇ ಇದೆ. ಕೆಳಗೆ ಯಾರಿದ್ದಾರೆಂದು ಕೂಡ ನೋಡುವುದಿಲ್ಲ. ಇವನು ಮಾತ್ರ ಕೂಸನ್ನು ತಂದಹಾಗೆ ತಂದ.

"ಸಾಹೇಬ್ರ, ಇದರ ಕೆಳಗಿನ ಮೈಮ್ಯಾಲ ದೇವರ ಹೆಸರು ಐತ್ರಿ. ಹೆಂಗ ಒಗೀಲಿ?" ಅಂದ.

ಟವೆಲು ಬಿಚ್ಚಿ ತೋರಿಸಿದ. ಧೂಳು, ಜೇಡರ ಬಲೆ ಒರೆಸಿದ ಜಾಗದಲ್ಲಿ ದಪ್ಪಕ್ಷರ ಎದ್ದು ಕಾಣುತ್ತಿತ್ತು: ದೇವರ ಕೃಪೆ. ಅವನು ಬೆರಳ ಗೆಣ್ಣಿನಿಂದ ಹಂಚನ್ನು ಬಡಿದ. ಠಣ್ ಅನ್ನಬೇಕಾದದ್ದು ಠಪ್ ಅಂದಿತು. "ಸೀಳೂ ಬಿಟ್ಟೈತಿ ನೋಡ್ರಿ. ಯಾರ ಕಾರ್ಖಾನಿ ಮಾಲರಿ ಇದು?"

ಈ ಪ್ರಶ್ನೆಗೆ ಒಂದೇ ಶಬ್ದದ ಉತ್ತರವಿತ್ತು. ನಾನು ಆ ಶಬ್ದವನ್ನು ಬಿಟ್ಟು, "ಚಹಾ ಕುಡೀತೀ ಏನು?" ಅಂತ ಕೇಳಿದೆ.

ಅದೇ ಹೊತ್ತಿಗೆ ನನ್ನ ತೊಡೆಯ ಮೇಲೆ ಏನಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ, ನಿಮ್ಮಿಂದ ಮುಚ್ಚಿಟ್ಟು ಏನಾಗಬೇಕಾಗಿದೆ. ಬೆಳಗಾವಿಯ ನಮ್ಮ ಚರ್ಚಿನ ತರುಣರು ಒಂದು ಪತ್ರ ಬರೆದಿದ್ದರು. ಬರುವ ರವಿವಾರ ನಾನು ಅವರ ಮುಂದೆ ಮಾತಾಡಬೇಕು. ವಿಷಯ, 'ಕ್ರೈಸ್ತ ನಂಬಿಕೆ, ವ್ಯಾಪಾರ ಮತ್ತು ಸಮರ್ಥ ನಾಯಕತ್ವ'. 'ಹಿರಿಯರೂ ಅನುಭವಿಗಳೂ ಆದ ತಾವು' ಅಂತ ಪತ್ರ ಶುರುವಾಗಿತ್ತು. ಹಿರಿಯ ಅನ್ನುವುದರಲ್ಲಿ ಸುಳ್ಳಿಲ್ಲ, ಮೊಣಕಾಲು ಸಾಕ್ಷಿ ಹೇಳುತ್ತವೆ. ಅನುಭವಿ ಅಂದದ್ದಕ್ಕೆ ಉಬ್ಬಿಹೋಗಿ ಎರಡು ದಿನದಿಂದ ಹೊಸ ನೋಟುಬುಕ್ಕಿನಲ್ಲಿ ಅಂಶಗಳನ್ನು ಬರೆಯುತ್ತ ಕೂತಿದ್ದೆ. ಏಳನೆಯ ಅಂಶದಲ್ಲಿದ್ದಾಗ ಈ ಹಂಚು ಇಳಿದು ಬಂತು.

ಎಪ್ಪತ್ತರ ದಶಕದ ಮಾತು. ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ಶಹಾಪುರದಲ್ಲಿ. ಮಗ್ಗದ ಸಪ್ಪಳ ನಿಂತರೆ ಎಚ್ಚರವಾಗುವ ಓಣಿ ಅದು. ಬಿ.ಕಾಂ. ಮುಗಿಸಿ ಒಂದು ಸೀರೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನಿಗೆ ಖಾನಾಪುರದ ಸಮುವೇಲಪ್ಪನವರು ತಮ್ಮ ಮಗಳು ರೂತಳನ್ನು ಕೊಟ್ಟರು. ಅವರಿಗೆ ಒಂದು ಹಂಚಿನ ಕಾರ್ಖಾನೆ ಇತ್ತು. ಮದುವೆಯಾದ ವರ್ಷವೇ, "ಅಳಿಯಾರ, ಸೀರಿ ಮಡಚೂದು ಸಾಕು, ಇಲ್ಲಿ ಬರ್ರಿ" ಅಂತ ಕರೆಸಿಕೊಂಡು ಮ್ಯಾನೇಜರ್ ಮಾಡಿದರು. ಮಣ್ಣಿಗೂ ನನಗೂ ಅಲ್ಲಿಯವರೆಗೆ ಇದ್ದ ಸಂಬಂಧವೆಂದರೆ ಚಪ್ಪಲಿಗೆ ಹತ್ತಿದ್ದನ್ನು ಝಾಡಿಸುವುದು.

ಮಾವನವರು ಗಿಡ್ಡ ಆಳು. ಖಾಕಿ ಅಂಗಿ, ಬಿಳಿ ಟೊಪ್ಪಿಗೆ. ರವಿವಾರ ತಪ್ಪದೆ ಚರ್ಚಿಗೆ ಹೋಗುವವರು, ಮನೆಯಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ ಮಾಡುವವರು, ಕಾರ್ಖಾನೆಯ ಗೇಟು ದಾಟಿದ ಮೇಲೆ ದೇವರ ಹೆಸರನ್ನೇ ಎತ್ತುತ್ತಿರಲಿಲ್ಲ. ಒಂದೇ ಒಂದು ರೂಢಿ ಇತ್ತು. ಹಂಚು ಸುಟ್ಟ ಭಟ್ಟಿ ಆರಿದ ಮೇಲೆ, ಬಾಗಿಲಿಗೆ ಕಟ್ಟಿದ ಇಟ್ಟಿಗೆಯಲ್ಲಿ ಮೊದಲನೆಯದನ್ನು ಭಟ್ಟಿಯ ಮೇಸ್ತ್ರಿ ಹುಸೇನಸಾಬರು ಕೀಳುವಾಗ, ಇವರು ಟೊಪ್ಪಿಗೆ ತೆಗೆದು ಬಾಜುವಿಗೆ ನಿಲ್ಲುತ್ತಿದ್ದರು. ತುಟಿ ಅರ್ಧ ನಿಮಿಷ ಅಲುಗಾಡುತ್ತಿದ್ದವು. ಆಮೇಲೆ ಟೊಪ್ಪಿಗೆ ಹಾಕಿಕೊಂಡು ತಾವೂ ಬುಟ್ಟಿ ಹಿಡಿಯುತ್ತಿದ್ದರು. ಇಷ್ಟೇ. ನನಗೆ ಇದು ಬಹಳ ಕಡಿಮೆ ಅನಿಸುತ್ತಿತ್ತು. ನನ್ನ ಮಾವ ಉಗುರುಬೆಚ್ಚಗಿನ ಕ್ರೈಸ್ತರು ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಭಟ್ಟಿಯ ಬಾಗಿಲು ಯಾವ ದಿನ ತೆಗೆಯಬೇಕು ಅನ್ನುವುದನ್ನು ಹೇಳುವವರು ಹುಸೇನಸಾಬರು. ಗೋಡೆಗೆ ಅಂಗೈ ಇಟ್ಟು, ಸಂದಿಗೆ ಮೂಗು ಹಿಡಿದು, "ಇನ್ನೂ ಎರಡು ದಿನ" ಅನ್ನುತ್ತಿದ್ದರು. ಲಾರಿ ಬಂದು ನಿಂತಿರಲಿ, ಗಿರಾಕಿ ಕೂಗಾಡಲಿ, ಎರಡು ದಿನ ಅಂದರೆ ಎರಡು ದಿನ. ನಾನು ಒಮ್ಮೆ, ಮಾಲಕರು ನೀವೋ ಅವರೋ ಅಂತ ಕೇಳಿದ್ದಕ್ಕೆ ಮಾವನವರು ನಕ್ಕರು. "ಭಟ್ಟಿ ಮುಂದ ನಾ ಮಾಲಕ ಅಲ್ಲ, ಅಳಿಯಾರ. ಬೆಂಕಿ ಯಾರ ಮಾತು ಕೇಳತೈತಿ, ಅಂವ ಮಾಲಕ" ಅಂದರು.

ಹೀಗಿರುವಾಗ ಬೆಳಗಾವಿಯ ಚರ್ಚಿನ ಹಾಲಿನಲ್ಲಿ ಮೂರು ದಿನದ ಒಂದು ಶಿಬಿರ ನಡೆಯಿತು. ವ್ಯಾಪಾರ ಮಾಡುವ ಕ್ರೈಸ್ತರಿಗೆ ನಾಯಕತ್ವದ ತರಬೇತಿ. ಪರವೂರಿನಿಂದ ಬಂದ ಒಬ್ಬ ಮಹನೀಯರು ಬೇಸಿಗೆಯಲ್ಲೂ ಕೋಟು ಹಾಕಿಕೊಂಡು ಕಪ್ಪುಹಲಗೆಯ ಮೇಲೆ ಬಾಣಗಳನ್ನು ಬರೆದರು. ಮೇಲೆ ನಾಯಕ, ಕೆಳಗೆ ಜನ, ನಡುವೆ ದೂರದೃಷ್ಟಿ. ನಾಯಕ ನಿರ್ಧಾರ ತೆಗೆದುಕೊಳ್ಳುತ್ತಾನೆ. ನಾಯಕ ತನ್ನ ನಂಬಿಕೆಯನ್ನು ಕಾಣುವಂತೆ ಇಡುತ್ತಾನೆ. ನಾನು ನೀಲಿ ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡು ಮೂರು ಮೂರು ಗೆರೆ ಎಳೆದೆ. ಊಟವೂ ಚೆನ್ನಾಗಿತ್ತು. ತಿರುಗಿ ಬರುವಾಗ ಪ್ಯಾಸೆಂಜರ್ ಗಾಡಿ ಖಾನಾಪುರ ಮುಟ್ಟುವಷ್ಟರಲ್ಲಿ ಇಡೀ ಕಾರ್ಖಾನೆಯನ್ನು ನೋಟುಬುಕ್ಕಿನಲ್ಲಿ ಸುಧಾರಿಸಿ ಮುಗಿಸಿದ್ದೆ. ಇಳಿಯುವಾಗ ಛತ್ರಿಯನ್ನು ಗಾಡಿಯಲ್ಲೇ ಬಿಟ್ಟೆ.

ಮೊದಲು ಸೋಮವಾರದ ಪ್ರಾರ್ಥನಾಕೂಟ ಶುರುವಾಯಿತು. ಮಣ್ಣು ಕಲಸುವವರು, ಅಚ್ಚು ಒತ್ತುವವರು, ಭಟ್ಟಿ ತುಂಬುವವರು, ಎಲ್ಲ ಸೇರಿ ನಲವತ್ತು ಮಂದಿ. ಲಿಂಗ ಕಟ್ಟಿಕೊಂಡವರು, ನಮಾಜು ಮಾಡುವವರು, ಮನೆಯಲ್ಲಿ ಮರಾಠಿ ಆಡುವವರು. ಕ್ರೈಸ್ತರೆಂದರೆ ನಾನು, ಮಾವನವರು, ಇನ್ನಿಬ್ಬರು. ನಾನು ಇಟ್ಟಿಗೆಯ ಮೇಲೆ ನಿಂತು ಪುಸ್ತಕದ ಕನ್ನಡದಲ್ಲಿ ಕಾಲು ಗಂಟೆ ಮಾತಾಡುತ್ತಿದ್ದೆ. ಎಲ್ಲರೂ ಕೈಮುಗಿದು ನಿಲ್ಲುತ್ತಿದ್ದರು. ಕೊನೆಗೆ ಹುಸೇನಸಾಬರು ಹಿಂದಿನಿಂದ ಗಟ್ಟಿಯಾಗಿ "ಆಮೀನ್" ಅನ್ನುತ್ತಿದ್ದರು. ನನ್ನ ಮಾತಿನ ಪ್ರಭಾವ ಅಂತ ನೋಟುಬುಕ್ಕಿನಲ್ಲಿ ಬರೆದೆ. ಅದು ಅವರು ದಿನಕ್ಕೆ ಐದು ಸಲ ಹೇಳುವ ಮಾತು ಅಂತ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಮಣ್ಣು ಹೊರುವ ಹೆಂಗಸರ ಮುಂದಾಳು ಕಲ್ಲವ್ವ ಮಾತ್ರ ಪ್ರತಿ ಸೋಮವಾರ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಮುಗೀತೇನ್ರಿ? ಮಣ್ಣು ಕಾಯಾಕತ್ತೈತಿ."

ಆಮೇಲೆ ರಶೀದಿಗಳ ಮೇಲೆ 'ಕೊಟ್ಟ ಮಾತು, ಕೊಟ್ಟ ದಿನ' ಅಂತ ಅಚ್ಚು ಹಾಕಿಸಿದೆ. ಇವೆರಡೂ ಸಣ್ಣವು. ನನ್ನ ದೊಡ್ಡ ಸಾಧನೆ ಹಂಚಿನ ಅಚ್ಚು. ಬೇರೆ ಕಾರ್ಖಾನೆಯವರು ಹಂಚಿನ ಕೆಳಮೈಗೆ ತಮ್ಮ ಹೆಸರು ಒತ್ತುತ್ತಿದ್ದರು. ಮಾವನವರು ಅದನ್ನೂ ಮಾಡಿರಲಿಲ್ಲ. ನಾನು ಬೆಳಗಾವಿಯ ಒಂದು ಫೌಂಡ್ರಿಗೆ ಹೋಗಿ, ಅಕ್ಷರ ಉಲ್ಟಾ ಕೆತ್ತಿಸಿ, 'ದೇವರ ಕೃಪೆ' ಅಂತ ಬರುವ ಹಾಗೆ ಅಚ್ಚು ಮಾಡಿಸಿ ತಂದೆ. ಹಸಿ ಹಂಚಿನ ಮೇಲೆ ಮೊದಲ ಸಲ ಅಕ್ಷರ ಮೂಡಿದಾಗ ನನ್ನ ಕಣ್ಣು ತುಂಬಿ ಬಂದವು, ಖರೇ ಹೇಳುತ್ತೇನೆ. ಮಾವನವರು ಹಂಚನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ಅಕ್ಷರ ಛಲೋ ಬಂದಾವು" ಅಂದರು. ಆಮೇಲೆ, "ಒಡದ್ದನ್ನ ಏನ ಮಾಡ್ತೀರಿ, ಅಳಿಯಾರ?" ಅಂತ ಕೇಳಿದರು.

"ನಂಬಿಕೆಯಿಂದ ಮಾಡಿದ್ದು ಒಡಿಯೂದಿಲ್ಲ, ಮಾವಾರ" ಅಂದೆ. ಅವರು ಹಂಚನ್ನು ಮೆಲ್ಲಗೆ ಕೆಳಗಿಟ್ಟರು.

ಹಂಚಿಗೆ ನನ್ನ ನಂಬಿಕೆಯ ಸುದ್ದಿ ಗೊತ್ತಿರಲಿಲ್ಲ, ಪ್ರತಿ ಭಟ್ಟಿಯಲ್ಲೂ ಒಂದಿಷ್ಟು ಒಡೆದೇ ಒಡೆದವು. ಮೊದಲೆಲ್ಲ ಒಡೆದ ಚೂರುಗಳನ್ನು ಗೇಟಿನಿಂದ ಭಟ್ಟಿಯವರೆಗಿನ ಕೆಸರುದಾರಿಗೆ ಹಾಸುತ್ತಿದ್ದರು. ಒಂದು ಸೋಮವಾರ ಕಲ್ಲವ್ವ ಬುಟ್ಟಿ ಕೆಳಗಿಟ್ಟು ನಿಂತಳು. "ಇದರ ಮ್ಯಾಲ ದೇವರ ಹೆಸರು ಐತಂತಲ್ರಿ. ಹೆಂಗ ತುಳಿಯೂದ್ರಿ? ನಾ ಹಾಸಾಂಗಿಲ್ಲ." ಯಾರೂ ಹಾಸಲಿಲ್ಲ. ಯಾವ ದೇವರು ಅಂತಲೂ ಯಾರೂ ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಹಂಚಿನ ಅಟ್ಟಿಯ ಮೇಲೆ ಕೂಡುತ್ತಿದ್ದ ಗಂಡಸರು ನೆಲಕ್ಕೆ ಇಳಿದರು. ಚೂರುಗಳು ಆಫೀಸಿನ ಹಿಂದೆ ರಾಶಿ ಬಿದ್ದವು. ರಾಶಿ ಕಿಟಕಿಯ ಎತ್ತರ ಬಂದು, ನನ್ನ ಮೇಜಿನ ಮೇಲಿನ ಬೆಳಕು ಹೋಯಿತು. ಆ ಕತ್ತಲಲ್ಲೇ ಕೂತು ನಾನು ನೋಟುಬುಕ್ಕಿನಲ್ಲಿ, 'ಕಾರ್ಮಿಕರಲ್ಲಿ ದೈವಭಕ್ತಿ ಹೆಚ್ಚಿದೆ' ಅಂತ ಬರೆದೆ.

ಇನ್ನು ನಿಜವಾದ ಸಂಗತಿಗೆ ಬರಬೇಕು. ಬರಲು ಮನಸ್ಸಿಲ್ಲದ್ದಕ್ಕೇ ಇಷ್ಟು ಹೊತ್ತು ಸುತ್ತಾಡಿಸಿದೆ, ನಿಮಗೆ ಗೊತ್ತಾಗಿರಬೇಕು.

ಆ ವರ್ಷ ಮೇ ತಿಂಗಳ ಕೊನೆಗೆ ಮಾವನವರು ಎಂಟು ದಿನ ಹುಬ್ಬಳ್ಳಿಗೆ ಹೋದರು, ದೊಡ್ಡ ಮಗಳ ಬಾಣಂತನಕ್ಕೆ. ಕಾರ್ಖಾನೆ ಮೊದಲ ಸಲ ನನ್ನ ಕೈಗೆ ಬಂತು. ಬೀಡಿ ಊರಿನ ರೈತ ಚನ್ನಬಸಪ್ಪ ಹೊಸ ಮನೆ ಕಟ್ಟಿದ್ದ. ಮಳೆ ಹಿಡಿಯುವುದರೊಳಗೆ ಹಂಚು ಬೇಕು ಅಂದಿದ್ದ. ಶನಿವಾರ ಲಾರಿ ತುಂಬುತ್ತೇನೆ ಅಂತ ನಾನು ರಶೀದಿ ಬರೆದು ಕೊಟ್ಟಿದ್ದೆ, 'ಕೊಟ್ಟ ಮಾತು, ಕೊಟ್ಟ ದಿನ'ದ ಕೆಳಗೇ. ಶುಕ್ರವಾರ ಹುಸೇನಸಾಬರು ಭಟ್ಟಿಗೆ ಕೈ ಇಟ್ಟು ಹೇಳಿದರು, "ಇನ್ನೂ ನಾಲ್ಕ ದಿನ."

"ನಾಳೆ ತೆಗೀಬೇಕು, ಹುಸೇನಸಾಬ್ರ. ಮಾತು ಕೊಟ್ಟೀನಿ."

"ಮಾತು ನೀವು ಕೊಟ್ಟೀರಿ, ಸಾಹೇಬ್ರ. ಭಟ್ಟಿ ಕೊಟ್ಟಿಲ್ಲ. ಒಳಗ ಇನ್ನೂ ಕಾವು ಐತಿ, ತಣ್ಣನ ಗಾಳಿ ಬಡೀತಂದ್ರ ಹಂಚು ಸೀಳತಾವು."

ನನಗೆ ಕಪ್ಪುಹಲಗೆಯ ಬಾಣಗಳು ನೆನಪಾದವು. ನಾಯಕ ನಿರ್ಧಾರ ತೆಗೆದುಕೊಳ್ಳುತ್ತಾನೆ. "ಇದು ನನ್ನ ನಿರ್ಧಾರ" ಅಂದೆ, ಅಂಥ ದನಿ ನನ್ನಲ್ಲಿದೆ ಅಂತ ನನಗೇ ಆವತ್ತು ಗೊತ್ತಾಯಿತು. ಮರುದಿನ ಬೆಳಿಗ್ಗೆ ಅವರು ಇಟ್ಟಿಗೆ ಕೀಳಲಿಲ್ಲ. ದೂರ ಕುಕ್ಕರಗಾಲಿನಲ್ಲಿ ಕೂತರು. ನಾನೇ ಇಬ್ಬರನ್ನು ಕರೆದು ಕೀಳಿಸಿದೆ. ಒಳಗೆ ಹಂಚುಗಳು ಕೆಂಪಗೆ ಸಾಲಾಗಿ ನಿಂತಿದ್ದವು, ನೋಡಲು ಎಷ್ಟು ಚೆಂದ ಅಂತೀರಿ! ಒಳಗಿನಿಂದ ಟಿಕ್, ಟಿಕ್, ಟಿಣ್ ಅಂತ ಸಣ್ಣ ಸಪ್ಪಳ ಬರತೊಡಗಿತು.

"ಕೇಳ್ರಿ" ಅಂದರು ಹುಸೇನಸಾಬರು.

ನಾನು ನಲವತ್ತು ಮಂದಿಯ ಕಡೆ ತಿರುಗಿ, ಜಡವಾದ ಹಂಚುಗಳು ಸಹ ದೇವರನ್ನು ಸ್ತುತಿಸುತ್ತಿವೆ ಅಂತ ಹೇಳಿದೆ. ಅವು ಸೀಳುತ್ತಿದ್ದವು. ಕೂದಲೆಳೆಯಷ್ಟು ಸಣ್ಣ ಸೀಳು, ಕಣ್ಣಿಗೆ ಕಾಣುವಂಥದ್ದಲ್ಲ. ಬಡಿದು ನೋಡಿದ್ದರೆ ಗೊತ್ತಾಗುತ್ತಿತ್ತು. ಬಡಿದು ನೋಡಲು ವೇಳೆ ಎಲ್ಲಿತ್ತು, ಲಾರಿ ನಿಂತಿತ್ತು. ಕೊಟ್ಟ ದಿನಕ್ಕೆ ಸರಿಯಾಗಿ ಬೀಡಿಗೆ ಹಂಚು ಹೋದವು.

ಜುಲೈ ಹೊತ್ತಿಗೆ ಖಾನಾಪುರದ ಕಡೆ ಮಳೆ ಹೇಗಿರುತ್ತದೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಥ ಒಂದು ಮಧ್ಯಾಹ್ನ ಚನ್ನಬಸಪ್ಪ ಬಸ್ಸಿಳಿದು ತೊಯ್ದುಕೊಂಡು ಬಂದ. ಆಫೀಸಿನಲ್ಲಿ ಮಾವನವರಿದ್ದರು, ನಾನಿದ್ದೆ. ಕಟ್ಟಿಗೆಯ ಲೆಕ್ಕ ಹೇಳಲು ಬಂದ ಹುಸೇನಸಾಬರು ಬಾಗಿಲಲ್ಲಿ ನಿಂತಿದ್ದರು. ಹೊರಗೆ ಸೂರಿನಡಿ ಮಳೆಗೆ ನಿಂತ ಕಲ್ಲವ್ವ ಮತ್ತು ಉಳಿದವರಿದ್ದರು. ಚನ್ನಬಸಪ್ಪ ಧೋತರದ ತುಂಡಿನಲ್ಲಿ ಸುತ್ತಿದ್ದ ಒಂದು ಹಂಚನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟ.

"ಸಾವ್ಕಾರ್ರ, ಹೊರಗಿಂತ ಮನಿಯಾಗ ಮಳಿ ಜಾಸ್ತಿ ಐತ್ರಿ. ನಮ್ಮವ್ವ ಛತ್ರಿ ಹಿಡ್ಕೊಂಡು ರೊಟ್ಟಿ ಬಡ್ಯಾಕತ್ತಾಳ. ತೆಗೆದು ತಿಪ್ಪಿಗೆ ಒಗಿಯೂಣಂದ್ರ ದೇವರ ಹೆಸರು ಹಾಕೀರಿ. ಒಗ್ಯಾಕೂ ಬರವಲ್ದು, ಇಟಗೊಳ್ಳಾಕೂ ಬರವಲ್ದು. ನೀವ ಇಟಗೋರಿ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಾವನವರು ಗೆಣ್ಣಿನಿಂದ ಹಂಚು ಬಡಿದರು. ಠಪ್.

"ಇದು ಯಾವ ಭಟ್ಟೀದು?" ಅಂತ ಯಾರನ್ನೂ ನೋಡದೆ ಕೇಳಿದರು.

ಆಗ ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. "ಆ ಸಲ ಹುಸೇನಸಾಬರು ಭಟ್ಟಿ ಬರೋಬರಿ ನೋಡಲಿಲ್ಲ ಅಂತ ಕಾಣತೈತಿ, ಮಾವಾರ."

'ಅಂತ ಕಾಣತೈತಿ' ಅನ್ನುವುದನ್ನು ಗಮನಿಸಿದಿರಾ? ಸುಳ್ಳು ಹೇಳುವಾಗಲೂ ನಾನು ಹುಷಾರಿ. ಹುಸೇನಸಾಬರು ನನ್ನನ್ನು ನೋಡಿದರು. ಗೂಟಕ್ಕೆ ನೇತುಹಾಕಿದ್ದ ತಮ್ಮ ಟವೆಲು ತೆಗೆದು, ಝಾಡಿಸಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ಹೊರಟುಹೋದರು. ಮೂವತ್ತು ವರ್ಷ ಆ ಟವೆಲು ಆ ಗೂಟದ ಮೇಲಿತ್ತಂತೆ.

ಭಟ್ಟಿಯ ಮೇಸ್ತ್ರಿಗೆ ಇರುವುದು ಒಂದೇ ಆಸ್ತಿ: ಇವನಿಗೆ ಬಾಗಿಲು ತೆಗೆಯುವ ದಿನ ಗೊತ್ತು ಅನ್ನುವ ಹೆಸರು. ಹಂಚಿನ ಕಾರ್ಖಾನೆಗಳ ಊರು ಅದು, ಸಂಜೆಯೊಳಗೆ ಮಾತು ಎಲ್ಲ ಭಟ್ಟಿಗಳನ್ನೂ ಮುಟ್ಟುತ್ತದೆ. ಹುಸೇನಸಾಬರ ಭಟ್ಟಿ ಸೀಳಿತಂತೆ ಅಂದಮೇಲೆ ಅರವತ್ತರ ಹತ್ತಿರ ಬಂದ ಮನುಷ್ಯನ ಕೈಗೆ ಬೆಂಕಿ ಯಾರು ಕೊಡುತ್ತಾರೆ? ಇದು ನನಗೆ ಆ ಕ್ಷಣವೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಕೂತಿದ್ದೆ.

ಮಾವನವರು ಚನ್ನಬಸಪ್ಪನಿಗೆ, "ತಪ್ಪು ನಮ್ದು. ಬ್ಯಾರೆ ಹಂಚು ತಗೊಂಡು ನಾನ ಬರ್ತೀನಿ" ಅಂದರು. ಅವನು ಹೋದ ಮೇಲೆ ನನ್ನನ್ನು ಕೇಳಿದರು, "ಆ ಭಟ್ಟಿ ಬಾಗಲಾ ಯಾವತ್ತ ತೆಗದ್ರಿ, ಅಳಿಯಾರ?"

"ನೋಡಿ ಹೇಳ್ತೀನಿ, ಮಾವಾರ" ಅಂದೆ. ನೀಲಿ ನೋಟುಬುಕ್ಕನ್ನು ತೆರೆದು ಹಾಳೆ ತಿರುವಿದೆ ಕೂಡ. ಅವರು ಒಂದೆರಡು ನಿಮಿಷ ಕಾದು, ಛತ್ರಿ ತೆಗೆದುಕೊಂಡು ಮನೆಗೆ ಹೋದರು.

ರೂತಳಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಊಟಕ್ಕೆ ಬಡಿಸಿದವಳು ಸಟ್ಟುಗ ಕೆಳಗಿಟ್ಟಳು. "ಹುಸೇನ ಚಾಚಾ ನನ್ನ ಹೆಗಲ ಮ್ಯಾಲ ಹೊತ್ತು ಸಾಲಿಗೆ ಬಿಟ್ಟಾರ್ರಿ. ನೀವು ಶಿಬಿರಕ್ಕ ಹೋಗಿ ಬಂದ್ರಿ, ಹಂಚಿನ ಮ್ಯಾಲ ದೇವರ ಹೆಸರು ಬಂತು. ಬಾಯಾಗ ಖರೇ ಮಾತು ಬರ್ಲಿಲ್ಲ" ಅಂದಳು. ಇಷ್ಟು ವರ್ಷ ಚರ್ಚಿನಲ್ಲಿ ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ, ನೆನಪಿನಲ್ಲಿ ಉಳಿದದ್ದು ಇದೊಂದೇ.

ಮಳೆ ಎರಡು ದಿನ ಬಿಡುವು ಕೊಟ್ಟಾಗ ಲಾರಿಯಲ್ಲಿ ಬೇರೆ ಹಂಚು ತುಂಬಿಕೊಂಡು ಬೀಡಿಗೆ ಹೋದೆವು. ಮಾವನವರು ಅರವತ್ತರ ವಯಸ್ಸಿನಲ್ಲಿ ಏಣಿಯ ನಡುವೆ ನಿಂತು ಒಂದೊಂದೇ ಹಂಚು ಇಳಿಸಿದರು. ಓಣಿಯ ಮಂದಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು, ಒಂದನ್ನೂ ಎಸೆಯಲಿಲ್ಲ. ಸಾಲಿನ ಕೊನೆಗೆ ಲಾರಿಯ ಹತ್ತಿರ ನಾನಿದ್ದೆ. ನೂರಾರು ಸಲ 'ದೇವರ ಕೃಪೆ' ನನ್ನ ಕೈಗೆ ಬಂತು, ನೂರಾರು ಸಲವೂ ಸೀಳಿತ್ತು. ಎಲ್ಲಿಗಾದರೂ ಓಡಿಹೋಗೋಣ ಅನಿಸಿತು, ಆದರೆ ಕೈಯಲ್ಲಿ ಹಂಚಿರುತ್ತಿತ್ತು.

ಬರುವಾಗ ಲಾರಿಯಲ್ಲಿ ಮಾವನವರು ಕೇಳಿದರು, "ಇವನ್ನೆಲ್ಲಾ ಎಲ್ಲಿಡೂಣು?"

ನಾನು ಹಿಂದೆ ತಿರುಗಿ ಹಂಚಿನ ರಾಶಿ ನೋಡಿದೆ. ಅವರೇ ಮುಂದುವರಿಸಿದರು.

"ಹರೇದಾಗ ನಂಗೂ ಅನಿಸಿತ್ತು, ಹಂಚಿನ ಮ್ಯಾಲ ದೇವರ ಹೆಸರು ಹಾಕಬೇಕಂತ. ಆಮ್ಯಾಲ ಒಡದ್ದು ನೋಡಿ ಅಂಜಿದೆ. ನಮ್ಮ ಕೈಯಿಂದ ಒಡೀತಾವಲ್ಲ, ಅಳಿಯಾರ. ಅದಕ್ಕ ಸುಮ್ಮ ಬಿಟ್ಟೆ." ಸ್ವಲ್ಪ ದೂರ ಹೋದಮೇಲೆ ತಾವೇ ಅಂದರು, "ತುಳಿಯಾಂಗಿಲ್ಲ, ಒಗಿಯಾಂಗಿಲ್ಲ. ತಲಿ ಮ್ಯಾಲ ಇಟಗೋಬೇಕು, ಅಷ್ಟ."

ಖಾನಾಪುರ ಬಂದ ಕೂಡಲೇ ನಾನು ಹುಸೇನಸಾಬರ ಮನೆಗೆ ಹೋದೆ. ಅವರು ಹೊರಸಿನ ಹಗ್ಗ ಬಿಗಿಯುತ್ತ ಕೂತಿದ್ದರು. ಅವರ ಮನೆಯವರು ಚಹಾ ತಂದಿಟ್ಟರು. ತಪ್ಪು ನನ್ನದು, ಅಂಜಿಕೆಯಿಂದ ನಿಮ್ಮ ಮೇಲೆ ಹಾಕಿದೆ ಅಂತ ಹೇಗೋ ಹೇಳಿ ಮುಗಿಸಿದೆ. ಅವರು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ.

"ಇದು ನಂಗ ಗೊತ್ತಿಲ್ಲೇನ್ರಿ? ನಂಗ್ಯಾಕ ಹೇಳ್ತೀರಿ? ಅಂದದ್ದು ಮಂದಿ ಮುಂದ. ಹೇಳೂದೂ ಮಂದಿ ಮುಂದ ಹೇಳ್ರಿ." ಗಂಟು ಬಿಗಿದು ತಲೆ ಎತ್ತಿದರು. "ಮತ್ತೊಂದು. ಆ ಅಚ್ಚಿನ ಮ್ಯಾಲಿನ ಅಕ್ಷರ ತಗಸ್ರಿ, ಸಾಹೇಬ್ರ. ನಂದೂ ತಪ್ಪಾಗತಾವು, ನಿಮ್ದೂ ತಪ್ಪಾಗತಾವು. ಅದಕ್ಕ ದೇವರ ಕಡೆ ಯಾಕ ಸಹಿ ಹಾಕಸ್ತೀರಿ?"

ಸೋಮವಾರ ಬಂತು. ಇಟ್ಟಿಗೆಯ ಮೇಲೆ ಹತ್ತಿ ನಿಂತೆ. ಎದುರಿಗೆ ನಲವತ್ತು ಮಂದಿ ಅಲ್ಲ, ಮೂವತ್ತೊಂಬತ್ತು. ಮಾವನವರು ಬಾಜುವಿಗೆ ಟೊಪ್ಪಿಗೆ ಹಾಕಿಕೊಂಡೇ ನಿಂತಿದ್ದರು. ಕಾಲ ಕೆಳಗೆ ಇಟ್ಟಿಗೆ ಹೊರಳಿತು, ಇಳಿದು ನೆಲದ ಮೇಲೆ ನಿಂತೆ. "ಕಳೆದ ವೈಶಾಖದಲ್ಲಿ ಭಟ್ಟಿಯ ದ್ವಾರವನ್ನು ಅಕಾಲದಲ್ಲಿ ತೆರೆಯಿಸಿದ ಹೊಣೆ ಸಂಪೂರ್ಣವಾಗಿ ನನ್ನದಾಗಿದ್ದು" ಅಂತ ಶುರುಮಾಡಿದೆ. ಹೆದರಿಕೆಯಾದಷ್ಟೂ ನನ್ನ ಕನ್ನಡ ಪುಸ್ತಕದೊಳಗೆ ಹೊಕ್ಕು ಕೂಡುತ್ತದೆ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು.

"ಏನಂತಾರಬೇ?" ಅಂತ ಒಬ್ಬಾಕೆ ಕಲ್ಲವ್ವನನ್ನು ಕೇಳಿದಳು.

ಕಲ್ಲವ್ವ ಗಟ್ಟಿಯಾಗಿ ಹೇಳಿದಳು, "ಭಟ್ಟಿ ಬಾಗಲಾ ತಾವ ತೆಗಿಸಿದ್ರಂತ. ಹಂಚು ಸೀಳಿದ್ದು ತಮ್ಮಿಂದಂತ. ಹುಸೇನಸಾಬಂದು ಏನೂ ತಪ್ಪಿಲ್ಲಂತ." ಹೇಳಿ ನನ್ನ ಕಡೆ ತಿರುಗಿದಳು. "ಹೌದಿಲ್ರಿ?"

"ಹೌದು" ಅಂದೆ. ಆವತ್ತಿನ ಪ್ರಸಂಗದಲ್ಲಿ ಎಲ್ಲರಿಗೂ ತಿಳಿದ ಶಬ್ದ ಅದೊಂದೇ.

"ಅದು ನಮಗ ಮೊದ್ಲ ಗೊತ್ತಿತ್ತಲ್ರಿ, ನಾವೂ ಅಲ್ಲೇ ಇದ್ದಿವಿ" ಅಂದಳು ಕಲ್ಲವ್ವ. "ಮುಗೀತೇನ್ರಿ? ಮಣ್ಣು ಕಾಯಾಕತ್ತೈತಿ."

ಮುಗಿದಿತ್ತು. ಆ ನಂತರ ಸೋಮವಾರದ ಕೂಟ ನಡೆಯಲಿಲ್ಲ, ಯಾರೂ ಯಾಕೆ ಅಂತ ಕೇಳಲೂ ಇಲ್ಲ. ಮಂಗಳವಾರ ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ಗೂಟದ ಮೇಲೆ ಟವೆಲು ಇತ್ತು. ಅದನ್ನು ನೋಡಿ ನಾನು ಅತ್ತುಬಿಟ್ಟೆ. ಮಾವನವರು ಕಂಡೂ ಕಾಣದವರಂತೆ ಚಹಾ ತರಿಸಿ, ತಮ್ಮ ಬಟ್ಟಲಿನ ಅರ್ಧವನ್ನು ಬಸಿಗೆ ಸುರಿದು ನನ್ನ ಕಡೆ ಸರಿಸಿದರು. ಅಚ್ಚಿನ ಅಕ್ಷರಗಳನ್ನು ಅದೇ ಫೌಂಡ್ರಿಯಲ್ಲಿ ತಿಕ್ಕಿಸಿ ತೆಗೆಸಿದೆ. ಆಮೇಲಿನ ಭಟ್ಟಿ ತೆಗೆದ ದಿನ, ಹುಸೇನಸಾಬರು ಇಟ್ಟಿಗೆ ಕೀಳುವಾಗ, ಮಾವನವರ ಬಾಜುವಿಗೆ ನಾನೂ ನಿಂತೆ. ನನಗೆ ಟೊಪ್ಪಿಗೆ ಇರಲಿಲ್ಲ, ಕನ್ನಡಕ ತೆಗೆದೆ. ದೇವರಲ್ಲಿ ಕೇಳಬೇಕಾದದ್ದನ್ನು ಕೇಳಲು ಅರ್ಧ ನಿಮಿಷ ಬೇಕಾದಷ್ಟಾಯಿತು.

ಬೀಡಿಯಿಂದ ತಂದ ಹಂಚುಗಳನ್ನು ಮಾವನವರು ತಮ್ಮ ಹಿಂದಿನ ಪಡಸಾಲೆಗೇ ಹೊದಿಸಿಕೊಂಡರು, ತಾವು ದಿನಾ ಕೂತು ಚಹಾ ಕುಡಿಯುವ ಜಾಗಕ್ಕೆ. ಒಡೆದ ಚೂರುಗಳ ರಾಶಿ ಕಂಪೌಂಡಿನ ಗೋಡೆಯೊಳಗೆ ಸೇರಿತು. ಮಳೆಗಾಲದಲ್ಲಿ ಪಡಸಾಲೆ ಸೋರಿದಾಗ ರೂತ ಪಾತೇಲಿ ಇಡುತ್ತಿದ್ದಳು. ಮಾವನವರು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿ ಕೂಡುತ್ತಿದ್ದರು. ನನಗೆ ಒಂದು ದಿನ ಒಂದು ಮಾತು ಅಂದವರಲ್ಲ. ಅಂದಿದ್ದರೆ ನಾನು ಬೇಗ ಮರೆತುಬಿಡುತ್ತಿದ್ದೆ. ಎಂಬತ್ತರ ದಶಕದಲ್ಲಿ ಮಂದಿ ಸ್ಲ್ಯಾಬಿನ ಮನೆ ಕಟ್ಟಿಸತೊಡಗಿದರು, ಹಂಚು ಕೇಳುವವರು ಕಡಿಮೆಯಾದರು. ಮೊದಲು ಮಾವನವರು ಹೋದರು, ಅವರ ಹಿಂದೆಯೇ ಹುಸೇನಸಾಬರು. ಭಟ್ಟಿ ಆರಿತು. ಪಡಸಾಲೆಯೂ ಕುರ್ಚಿಯೂ ನನ್ನ ಪಾಲಿಗೆ ಬಂದವು.

ಪರಶುರಾಮ ಚಹಾ ಮುಗಿಸಿ ಬಸಿ ಕೆಳಗಿಟ್ಟ. ನಾನು ನೋಟುಬುಕ್ಕು ಮುಚ್ಚಿದೆ.

"ಆಗ ಕೇಳಿದ್ಯಲ್ಲ, ಯಾರ ಕಾರ್ಖಾನಿ ಮಾಲು ಅಂತ. ನಂದು. ಮೇಸ್ತ್ರಿ ನಾಲ್ಕ ದಿನ ತಡೀರಿ ಅಂದಿದ್ರು, ನಾ ಕೇಳಲಿಲ್ಲ. ಇವೆಲ್ಲಾ ಸೀಳಿದ್ದು ನನ್ನಿಂದ."

"ಆಗತೈತ್ರಿ" ಅಂದ ಅವನು, ಬಹಳ ಸಾದಾ. "ಈಗ ಇವನ್ನೆಲ್ಲಾ ಎಲ್ಲಿಡ್ಲಿ ಹೇಳ್ರಿ."

"ಗ್ವಾಡಿಗೆ ಹಚ್ಚಿ ಸಾಲಾಗಿ ನಿಲ್ಲಸು. ಐತವಾರ ಬೆಳಗಾವಿಗೆ ಒಯ್ಯತೀನಿ. ಭಾಷಣ ಕೇಳಾಕ ಬಂದ ಹುಡುಗರಿಗೆ ಒಂದೊಂದು ಕೊಟ್ಟು, ಬಡದು ನೋಡ್ರಿ ಅಂತ ಹೇಳತೀನಿ."

ಒಳಗಿನಿಂದ ರೂತಳ ದನಿ ಬಂತು. "ಮತ್ತ ಶುರು ಆತೇನು?"

ಅವಳು ಅಂದದ್ದೂ ಸರಿಯೇ. ಭಾಷಣದ ಏಳು ಅಂಶ ಹೋಗಿ, ಹಂಚು ಹಂಚುವ ಎಂಟನೆಯ ಅಂಶ ಹುಟ್ಟಿಕೊಳ್ಳುತ್ತಿತ್ತು. ಒಂದೂ ಒಯ್ಯುವುದಿಲ್ಲ ಅಂದೆ. ಆ ಹುಡುಗರ ಮುಂದೆ ಭಟ್ಟಿಯ ಕಥೆ ಹೇಳಿ ಕೂತುಬಿಡುತ್ತೇನೆ, ಅದೂ ಕಲ್ಲವ್ವನ ಕನ್ನಡದಲ್ಲಿ.

ಪರಶುರಾಮ ಏಣಿಗೆ ಕಾಲಿಟ್ಟ. ನಾನು ಟವೆಲಿನಲ್ಲಿದ್ದ ಹಂಚನ್ನು ಅವನ ಕೈಗೆ ಕೊಟ್ಟೆ. "ಉಳಿದದ್ದೆಲ್ಲಾ ಹೊಸಾದು ಹಾಕು. ಇದೊಂದನ್ನ ಮೊದಲ ಇದ್ದಲ್ಲೇ ಇಡು."

ಅವನು ಮೇಲೆ ನೋಡಿದ, ಕೆಳಗೆ ನೋಡಿದ. "ಸೋರತೈತಲ್ರಿ, ಸಾಹೇಬ್ರ. ಬರೋಬರಿ ನಿಮ್ಮ ಕುರ್ಚಿ ಮ್ಯಾಲ ಬೀಳತೈತಿ."

"ಬೀಳ್ಲಿ" ಅಂದೆ.

"ಹಂಗಾದ್ರ ಕುರ್ಚಿನ್ನ ಒಂದು ಗೇಣು ಆಚೆ ಸರಸ್ಲಿ?"

"ಬ್ಯಾಡ. ಅಲ್ಲೇ ಇರ್ಲಿ."